ಚೆಸ್ಟರ್ ಬೆನ್ನಿಂಗ್ಟನ್: ಆ 17 ಸೆಕೆಂಡಿನ ಕೂಗು ಪಕ್ಕಕ್ಕಿಟ್ಟು ಸ್ವಲ್ಪ ಮಾತಾಡೋಣವಾ?

ಹಳೇವಾಕ್‌ಮನ್

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಚೆಸ್ಟರ್ ಹಾಡಿದ ಲೈವ್‌ಗಳನ್ನು ಒಂದಾದ ಮೇಲೊಂದು ಕೇಳುತ್ತಾ ಕೂತೆ. ಮೂರೂವರೆ ಹೊತ್ತಿಗೆ ಒಂದು ವಿಷಯ ತಲೆಗೆ ಹೊಕ್ಕಿತು. ಅದನ್ನು ಇಲ್ಲಿ ಕಕ್ಕದಿದ್ದರೆ ಇವತ್ತೂ ನಿದ್ದೆ ಬರಲ್ಲ.

ಅಮೆರಿಕದ ರಾಕ್ ಬ್ಯಾಂಡ್ ಲಿಂಕಿನ್ ಪಾರ್ಕ್ ಅಂದರೆ ಅದರ ಗಾಯಕ ಚೆಸ್ಟರ್, ಚೆಸ್ಟರ್ ಅಂದರೆ ಕೂಗು, ಕೂಗು ಅಂದರೆ 'ಗಿವನ್ ಅಪ್' ಹಾಡಿನ ಆ 17 ಸೆಕೆಂಡು. 2007ರ 'ಮಿನಿಟ್ಸ್ ಟು ಮಿಡ್‌ನೈಟ್' ಆಲ್ಬಮ್ಮಿನದು. ಎರಡು ನಿಮಿಷ ದಾಟಿದ ಮೇಲೆ ಶುರುವಾಗುತ್ತದೆ, ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ಕಾಲೇಜಿನಲ್ಲಿ ನಾವೆಲ್ಲ ಅದಕ್ಕೆ ಪೈಪೋಟಿ ಕೊಡಲು ಹೋಗಿ ಕೆಮ್ಮಿ ಸತ್ತಿದ್ದೇವೆ. ಒಬ್ಬನೂ 8 ಸೆಕೆಂಡು ದಾಟಲಿಲ್ಲ. ಇರಲಿ.

ಆದರೆ ನನಗೆ ಈಗ ಅನ್ನಿಸುತ್ತಿರುವುದು, ಅವನ ದೊಡ್ಡತನ ಕೂಗಿನಲ್ಲಿ ಇರಲಿಲ್ಲ. ಕೂಗು ಮುಗಿದ ಮೇಲಿನ ಸಾಲಿನಲ್ಲಿ ಇತ್ತು. ಗಂಟಲು ಹರಿದು ಹೋಯಿತು ಅಂತ ನಾವು ಅಂದುಕೊಳ್ಳುವ ಹೊತ್ತಿಗೆ, ಒಂದೇ ಒಂದು ಉಸಿರು ಎಳೆದುಕೊಂಡು, ಮಗುವನ್ನು ಮಲಗಿಸುವವನ ಹಾಗೆ ಮೆಲ್ಲಗೆ ಹಾಡಲು ಶುರು ಮಾಡುತ್ತಿದ್ದ. ಆ ತಿರುವಿನಲ್ಲಿ ಬೇರೆಯವರೆಲ್ಲ ಎಡವುತ್ತಾರೆ. ಕೂಗುವವರು ಬೇಕಾದಷ್ಟು ಜನ ಇದ್ದಾರೆ, ಮೆಲ್ಲಗೆ ಹಾಡುವವರೂ ಇದ್ದಾರೆ. ಅಲ್ಲಿಂದ ಇಲ್ಲಿಗೆ ಬರಿಗಾಲಲ್ಲಿ ಓಡಾಡುತ್ತಿದ್ದವನು ಇವನೊಬ್ಬ.

('ಅವನು' ಅಂತ ಬರೆಯುತ್ತಿದ್ದೇನೆ, ಅಗೌರವ ಅಂದುಕೊಳ್ಳಬೇಡಿ. ಇಷ್ಟು ವರ್ಷ ಕಿವಿಯೊಳಗೇ ವಾಸ ಮಾಡಿದವನಿಗೆ ಬಹುವಚನ ಬರುತ್ತಿಲ್ಲ.)

ನಿಮಗೆ ಏನನ್ನಿಸುತ್ತದೆ? ಸುಮ್ನೆ 'ಲೆಜೆಂಡ್' ಅಂತ ಬರೆದು ಓಡಬೇಡಿ. ಯಾವ ಹಾಡು, ಯಾವ ಲೈವ್, ಯಾವ ಜಾಗ, ಅದನ್ನು ಹೇಳಿ.

ಡ್ರಮ್‌ಕಡ್ಡಿ

ಲೆಜೆಂಡ್.

(ಸಾರಿ ಗುರು, ತಡೆಯೋಕೆ ಆಗಲಿಲ್ಲ. ಸಂಜೆ ಬಂದು ಸರಿಯಾಗಿ ಬರೆಯುತ್ತೇನೆ.)

ಶ್ರುತಿಪೆಟ್ಟಿಗೆ

ನಾನು ಕರ್ನಾಟಕ ಸಂಗೀತ ಕಲಿತವಳು, ರಾಕ್ ಕಡೆಗೆ ಬಂದಿದ್ದು ತುಂಬಾ ತಡವಾಗಿ, ಅದೂ ತಮ್ಮನ ಕಾಟಕ್ಕೆ. ಮೊದಲ ಸಲ ಕೇಳಿದಾಗ 'ಇದೇನೋ ಹೀಗೆ ಅರಚುತ್ತಾನೆ, ಗಂಟಲು ಉಳಿಯುತ್ತದಾ' ಅಂತ ಬೈದಿದ್ದೆ. ಆಮೇಲೆ ಒಂದು ದಿನ ಹಾರ್ಮೋನಿಯಂ ಮುಂದೆ ಕೂತು ಅವರ ಕೂಗಿನ ಮೇಲೆ ಮನೆ ಒತ್ತಿ ನೋಡಿದೆ. ಸ್ವರ ಸಿಕ್ಕಿತು! ಕೂಗಿನೊಳಗೆ ಸ್ವರ ಇದೆ. ಅದು ಬರೀ ಸದ್ದಲ್ಲ. ಅವತ್ತಿನಿಂದ ನಾನು ತಮ್ಮನ ಪಾರ್ಟಿ.

ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ನಮ್ಮ ಗಂಟಲಲ್ಲಿ ಧ್ವನಿ ಹುಟ್ಟುವುದು ಎರಡು ಪುಟ್ಟ ಮಡಿಕೆಗಳು ಅದುರಿದಾಗ. ಅವುಗಳ ಸ್ವಲ್ಪ ಮೇಲೆ ಇನ್ನೊಂದು ಜೊತೆ ಮಡಿಕೆ ಇದೆ. ಮಾಮೂಲಿ ಮಾತಿಗೆ, ಹಾಡಿಗೆ ಅವು ಸುಮ್ಮನಿರುತ್ತವೆ. ಗಾಯಕರು ಅವನ್ನೂ ಹತ್ತಿರ ತಂದು ಅದುರಿಸಿದಾಗ ಆ ಗರಗರ ಸೇರಿಕೊಳ್ಳುತ್ತದೆ. ಕೆಳಗಿನ ಮಡಿಕೆ ಸ್ವರ ಹಿಡಿದಿರುತ್ತದೆ, ಮೇಲಿನದು ಅದಕ್ಕೆ ಮರಳು ಕಾಗದ ಉಜ್ಜುತ್ತದೆ ಅಂದುಕೊಳ್ಳಿ. ಉಸಿರಿನ ಬಲ ಹೊಟ್ಟೆಯಿಂದ ಬರಬೇಕು. ಗಂಟಲು ಹಿಂಡಿ ಮಾಡಲು ಹೋದರೆ ವಾಕ್‌ಮನ್ ಅವರ ಕಾಲೇಜು ಗೆಳೆಯರ ಗತಿಯೇ.

ಇದನ್ನು ಹೇಳಿಕೊಡುವವರು ಈಗ ಬೇಕಾದಷ್ಟು ಇದ್ದಾರೆ. ಆದರೆ ಚೆಸ್ಟರ್ ಅವರಲ್ಲಿ ಆ ಮರಳು ಕಾಗದ ಎಷ್ಟು ಬೇಕೋ ಅಷ್ಟೇ. ಒಂದು ಸಾಲಿನ ಮೊದಲ ಪದ ಶುದ್ಧ, ಎರಡನೆಯದಕ್ಕೆ ಚೂರು ಗರಗರ, ಮೂರನೆಯದು ಪೂರ್ತಿ ಬೆಂಕಿ. ನಮ್ಮಲ್ಲಿ ಒಂದು ಸ್ವರಕ್ಕೆ ಎಷ್ಟು ಗಮಕ ಕೊಡಬೇಕು ಅಂತ ಗುರುಗಳು ತಲೆ ಮೇಲೆ ಮೊಟಕಿ ಕಲಿಸುತ್ತಾರಲ್ಲ, ನನ್ನ ಕಿವಿಗೆ ಇದು ಅದೇ ಥರದ ಲೆಕ್ಕ. ಪಂಡಿತರು ಬೈಯಲಿ ಪರವಾಗಿಲ್ಲ.

ಕಡ್ಡಿಮುರಿದಂತೆ

ಎಲ್ಲ ಸರಿ, ಆದರೆ ಒಂದು ಮಾತು ಹೇಳಲೇಬೇಕು. ಲೈವ್‌ನಲ್ಲಿ ಅವನು ಬಹಳ ಸಲ ಶ್ರುತಿ ಬಿಡುತ್ತಿದ್ದ. 2001ರ ಆಸುಪಾಸಿನ ಕಛೇರಿಗಳ ವಿಡಿಯೋ ನೋಡಿ. ಅದರಲ್ಲೂ 'ಕ್ರಾಲಿಂಗ್'. ಸ್ಟುಡಿಯೋದಲ್ಲಿ ಎಷ್ಟೋ ಪದರ ಧ್ವನಿ ಒಂದರ ಮೇಲೊಂದು ಇಟ್ಟು ಗೋಡೆ ಕಟ್ಟಿರುತ್ತಾರೆ, ಲೈವ್‌ನಲ್ಲಿ ಒಬ್ಬನೇ ನಿಂತು ಆ ಗೋಡೆ ಎತ್ತಬೇಕು. ಆಗುತ್ತಿರಲಿಲ್ಲ. ನಾನೂ ಅಭಿಮಾನಿಯೇ, ನನ್ನ ಹತ್ತಿರ 'ಹೈಬ್ರಿಡ್ ಥಿಯರಿ' ಸಿಡಿ ಈಗಲೂ ಇದೆ, ಗೀರು ಬಿದ್ದು ನಾಲ್ಕನೇ ಹಾಡು ಓಡಲ್ಲ ಅಷ್ಟೇ. ಆದರೆ ಸತ್ತವರನ್ನೆಲ್ಲ ದೇವರು ಮಾಡಿ ಕೂರಿಸುವ ಚಟ ನಮಗೆ ಜಾಸ್ತಿ.

ಹಳೇವಾಕ್‌ಮನ್

@ಕಡ್ಡಿಮುರಿದಂತೆ ನೀವು ಹೇಳಿದ್ದನ್ನು ಅವನೇ ಒಪ್ಪಿಕೊಂಡಿದ್ದಾನೆ ಸಾರ್. ಲೈವ್‌ನಲ್ಲಿ ತನಗೆ ಎಲ್ಲಕ್ಕಿಂತ ಜಾಸ್ತಿ ಕಷ್ಟ ಕೊಟ್ಟ ಹಾಡು 'ಕ್ರಾಲಿಂಗ್' ಅಂತ. ಅದೇ ಹಾಡಿಗೆ 2002ರಲ್ಲಿ ಗ್ರ್ಯಾಮಿ ಬಂತು ಅನ್ನುವುದು ಬೇರೆ ತಮಾಷೆ. ಬಹುಮಾನ ಬಂದ ಹಾಡು, ಪ್ರತಿ ರಾತ್ರಿ ಹಾಡಲೇಬೇಕು, ಪ್ರತಿ ರಾತ್ರಿ ಭಯ. ಯೋಚನೆ ಮಾಡಿ.

ಆದರೆ ಅಲ್ಲಿಗೇ ನಿಲ್ಲಿಸಬೇಡಿ. 2001ರದನ್ನು ಕೇಳಿ, ಆಮೇಲೆ 2008ರದನ್ನು ಕೇಳಿ. ಅದು ಬೇರೆಯದೇ ಗಂಟಲು. ಸುಮಾರು ಗಾಯಕರಿಗೆ ವಯಸ್ಸಾದಂತೆ ಮೇಲಿನ ಸ್ವರ ಜಾರುತ್ತದೆ, ಹಾಡನ್ನೇ ಕೆಳಗಿನ ಶ್ರುತಿಗೆ ಇಳಿಸಿಕೊಳ್ಳುತ್ತಾರೆ. ಇವನು ಮೂವತ್ತರ ಮೇಲೆ ಗಟ್ಟಿಯಾದ.

ಡ್ರಮ್‌ಕಡ್ಡಿ

ಬಂದೆ. ಚಹಾ ಕುಡಿದು ಬಂದೆ, ಈಗ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಾನು ಡ್ರಮ್ಸ್ ಬಾರಿಸುವವನು, ಹಾಡುಗಾರರ ಬೆನ್ನು ನೋಡಿಯೇ ಅರ್ಧ ಆಯಸ್ಸು ಕಳೆದವನು. ಹಿಂದಿನಿಂದ ನೋಡಿದರೆ ಹಾಡುಗಾರ ಎಷ್ಟು ಸುಳ್ಳು ಹೊಡೆಯುತ್ತಿದ್ದಾನೆ ಅಂತ ಗೊತ್ತಾಗುತ್ತದೆ. ಕೈ ಎತ್ತುವುದು, ತಲೆ ಒಗೆಯುವುದು, ಕುಣಿಯುವುದು, ಅದೆಲ್ಲ ಎಷ್ಟೋ ಸಲ ಉಸಿರು ಸಾಲದೆ ಇರುವುದನ್ನು ಮುಚ್ಚಿಡುವ ಉಪಾಯ. ಚೆಸ್ಟರ್‌ನ ವಿಡಿಯೋಗಳಲ್ಲಿ ಒಂದು ಗಮನಿಸಿ. ದೊಡ್ಡ ಸಾಲು ಬರುವ ಮುಂಚೆ ಅವನು ನಿಲ್ಲುತ್ತಾನೆ. ಅಲ್ಲಿ ತನಕ ಮಂಗನ ಹಾಗೆ ಹಾರುತ್ತಿದ್ದವನು ಕಾಲು ಅಗಲ ಮಾಡಿ, ಬಗ್ಗಿ, ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಪೂರ್ತಿ ಮೈಯನ್ನು ಒಂದು ಮುಷ್ಟಿ ಮಾಡಿಕೊಳ್ಳುತ್ತಾನೆ. ಆಮೇಲೆ ಬಿಡುತ್ತಾನೆ. ಬಾವಿಯಿಂದ ನೀರು ಸೇದುವವರು ನಿಲ್ಲುತ್ತಾರಲ್ಲ, ಹಾಗೆ.

ಇನ್ನು ಹಟ. 2007ರ ಅಕ್ಟೋಬರ್, ಆಸ್ಟ್ರೇಲಿಯಾದ ಮೆಲ್ಬರ್ನ್, ರಾಡ್ ಲೇವರ್ ಅರೀನಾ. ಎತ್ತರದ ಕಟ್ಟೆಯಿಂದ ಹಾರಲು ಹೋಗಿ ಬಿದ್ದ. ಮಣಿಕಟ್ಟು ಮುರಿಯಿತು. ಕಾರ್ಯಕ್ರಮ ನಿಲ್ಲಿಸಲಿಲ್ಲ, ಮುರಿದ ಕೈಯಲ್ಲೇ ಕೊನೆಯವರೆಗೂ ಹಾಡಿದ, ಮುಗಿದ ಮೇಲೆ ಆಸ್ಪತ್ರೆಗೆ ಹೋಗಿ ಐದು ಹೊಲಿಗೆ ಹಾಕಿಸಿಕೊಂಡ. ನಾನಾಗಿದ್ದರೆ ಬೆರಳು ಉಳುಕಿದರೂ ಆ ವಾರ ರಜೆ.

2015ರ ಜನವರಿಯಲ್ಲಿ ಬಾಸ್ಕೆಟ್‌ಬಾಲ್ ಆಡುವಾಗ ಕಣಕಾಲು ಮುರಿದುಕೊಂಡಾಗ ಮಾತ್ರ ಹಟ ನಡೆಯಲಿಲ್ಲ. ಅಮೆರಿಕದ ಪ್ರವಾಸದ ಉಳಿದ ಕಾರ್ಯಕ್ರಮಗಳೆಲ್ಲ ರದ್ದಾದವು.

ಹೊಸಕಿವಿ

ಎಲ್ಲರಿಗೂ ಹಾಯ್. ನಾನು ಹುಟ್ಟಿದ್ದು 2004ರಲ್ಲಿ, ನಗಬೇಡಿ ಪ್ಲೀಸ್. ನನಗೆ ಗೊತ್ತಿರುವುದು 'ಇನ್ ದಿ ಎಂಡ್', 'ನಂಬ್' ಎರಡೇ. ಲೈವ್ ಕೇಳಬೇಕು ಅಂದರೆ ಎಲ್ಲಿಂದ ಶುರು ಮಾಡಲಿ? ಯೂಟ್ಯೂಬ್‌ನಲ್ಲಿ ಹುಡುಕಿದರೆ ಸಾವಿರ ಬರುತ್ತವೆ, ಅರ್ಧದಲ್ಲಿ ಬರೀ ಜನರ ಕಿರುಚಾಟ, ಹಾಡು ಕೇಳಲ್ಲ.

ಡ್ರಮ್‌ಕಡ್ಡಿ

2004!! ನನ್ನ ಮೊದಲ ಡ್ರಮ್ ಸೆಟ್ ನಿನಗಿಂತ ದೊಡ್ಡದು ತಂಗಿ.

ಹಳೇವಾಕ್‌ಮನ್

@ಹೊಸಕಿವಿ ಅವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಮ್ಮ. ಮೂರೇ ಮೂರು ಹೇಳುತ್ತೇನೆ, ಇದೇ ವರಸೆಯಲ್ಲಿ ಕೇಳು.

ಮೊದಲು 'ಲೈವ್ ಇನ್ ಟೆಕ್ಸಸ್'. 2003ರ ಆಗಸ್ಟ್, ಹ್ಯೂಸ್ಟನ್ ಮತ್ತು ಇರ್ವಿಂಗ್, ಎರಡು ದಿನದ ಎರಡು ಸ್ಟೇಡಿಯಂ. ಮೆಟಲ್ ಬ್ಯಾಂಡ್ ಮೆಟಾಲಿಕಾದವರ ಜೊತೆ ಪ್ರವಾಸ ಹೋಗಿದ್ದಾಗಿನದು, ಅಂದರೆ ಮುಂದೆ ನಿಂತ ಜನರಲ್ಲಿ ಮುಕ್ಕಾಲು ಪಾಲು ಇವರಿಗಾಗಿ ಬಂದವರಲ್ಲ ಅಂತ ನನ್ನ ಲೆಕ್ಕ. ಹಗಲು ಬೆಳಕು, ಸುಡು ಬಿಸಿಲು, ಲೈಟುಗಳ ಚಮತ್ಕಾರ ಯಾವುದೂ ಇಲ್ಲ. ಹುಡುಗರು ಬೆವರಿನಲ್ಲಿ ನೆನೆದು ಹೋಗಿದ್ದಾರೆ. ಅದು ಹಸಿವಿನ ಲೈವ್.

ಎರಡನೆಯದು 'ರೋಡ್ ಟು ರೆವಲ್ಯೂಷನ್'. 2008ರ ಜೂನ್ 29, ಇಂಗ್ಲೆಂಡಿನ ಮಿಲ್ಟನ್ ಕೀನ್ಸ್. ನನ್ನ ಪ್ರಕಾರ ಇದೇ ಶಿಖರ. ಇಲ್ಲಿ 'ಗಿವನ್ ಅಪ್' ಕೂಡ ಇದೆ. ಆದರೆ ನೀನು ಕಾಯಬೇಕಾದ್ದು 'ಪುಶಿಂಗ್ ಮಿ ಅವೇ' ಬರುವ ತನಕ. ಮೊದಲ ಆಲ್ಬಮ್ಮಿನ ಗಿಟಾರ್ ಗದ್ದಲದ ಹಾಡು, ಇಲ್ಲಿ ಬರೀ ಪಿಯಾನೋ ಮತ್ತು ಅವನು. ಅಷ್ಟು ದೊಡ್ಡ ಬಯಲಿನಲ್ಲಿ ಎಲ್ಲಿಯೂ ಅಡಗಲು ಜಾಗ ಇಲ್ಲ. ಕೊನೆ ಕೊನೆಗೆ ರ‍್ಯಾಪರ್ ಜೇ-ಝೀ ಬರುತ್ತಾನೆ, ಜಾತ್ರೆ ಆಗುತ್ತದೆ, ಅದೂ ಚೆಂದವೇ.

ಮೂರನೆಯದು 'ಒನ್ ಮೋರ್ ಲೈಟ್ ಲೈವ್'. 2017ರ ಕೊನೆಯ ಯುರೋಪ್ ಪ್ರವಾಸದ್ದು, ಆ ವರ್ಷದ ಡಿಸೆಂಬರ್‌ನಲ್ಲಿ ಬಂತು, ಅವನು ಹೋದ ಮೇಲೆ. ಇದನ್ನು ಬಸ್ಸಿನಲ್ಲಿ ಕೇಳಬೇಡ.

ರಾತ್ರಿಪಾಳಿ

ಅಡಗಲು ಜಾಗ ಇಲ್ಲ ಅಂದಿರಲ್ಲ, ಅದಕ್ಕೆ ನನ್ನದೊಂದು ಸೇರಿಸಿಕೊಳ್ಳಿ. 2010ರ 'ಎ ಥೌಸಂಡ್ ಸನ್ಸ್' ಆಲ್ಬಮ್ಮಿನ ಕೊನೆಯ ಹಾಡು, 'ದಿ ಮೆಸೆಂಜರ್'. ಇಡೀ ಆಲ್ಬಮ್ಮು ಯಂತ್ರದ ಸದ್ದು, ಅಣುಬಾಂಬಿನ ಭಯ, ಹಳೇ ಭಾಷಣದ ತುಣುಕುಗಳು, ಏನೇನೋ. ಕೊನೆಯಲ್ಲಿ ಒಂದು ಅಕೌಸ್ಟಿಕ್ ಗಿಟಾರ್, ಪಿಯಾನೋ, ಇವನ ಧ್ವನಿ. ಇದರಲ್ಲಿ ಅವನು ಮಾಡಿದ್ದು ಉಲ್ಟಾ. ಮಾಮೂಲಿ ಲೆಕ್ಕ ಏನು? ಗಿಟಾರ್ ಜೋರಾದಾಗ ಕೂಗು, ಮೆಲ್ಲಗಾದಾಗ ಹಾಡು. ಇಲ್ಲಿ ಗಿಟಾರ್ ಪಾಪ ತನ್ನ ಪಾಡಿಗೆ ಮೆಲ್ಲಗೆ ಮೀಟುತ್ತಿದೆ, ಇವನು ಗಂಟಲು ಹರಿದುಕೊಂಡು ಹಾಡುತ್ತಿದ್ದಾನೆ. ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ಹಾಕಿಕೊಂಡು ಅಳುತ್ತಾ ಹಾಡಿದ ಹಾಗೆ ಕೇಳುತ್ತದೆ. ಮೊದಲ ಸಲ ಕೇಳಿದಾಗ ನನಗೆ ಮುಜುಗರ ಆಯಿತು, ಕೇಳಬಾರದ್ದನ್ನು ಕೇಳುತ್ತಿದ್ದೇನೆ ಅಂತ. ಈಗ ಅದೇ ನನ್ನ ಹಾಡು. ರಾತ್ರಿ ಪಾಳಿ ಮುಗಿಸಿ ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಒಂದು ಸಲ.

ಆ ಆಲ್ಬಮ್ಮು ಬಂದಾಗ ಬೈದವರೇ ಜಾಸ್ತಿ, ನಾನೂ ಬೈದಿದ್ದೆ. ನಾಚಿಕೆ.

ಶ್ರುತಿಪೆಟ್ಟಿಗೆ

@ರಾತ್ರಿಪಾಳಿ ಸರಿಯಾಗಿ ಹಿಡಿದಿರಿ. ಧ್ವನಿ ಒಡೆಯುವುದನ್ನು ತಿದ್ದದೆ ಹಾಗೇ ಬಿಟ್ಟಿದ್ದಾರೆ ಅಲ್ಲಿ.

ಕೂಗೇ ಇಲ್ಲದ ಹಾಡು ಅಂದರೆ ನನಗೆ ನೆನಪಾಗುವುದು 2003ರ 'ಬ್ರೇಕಿಂಗ್ ದಿ ಹ್ಯಾಬಿಟ್'. ಪದ ಬರೆದದ್ದು ಬ್ಯಾಂಡಿನ ರ‍್ಯಾಪರ್ ಮೈಕ್ ಶಿನೋಡಾ. ಅವರು ಬರೆದದ್ದು ಬೇರೆ ಯಾರದೋ ಬದುಕು ನೋಡಿ, ಚೆಸ್ಟರ್ ಅವರನ್ನು ಕಂಡು ಅಲ್ಲ. ಆದರೆ ಓದಿದಾಗ ಚೆಸ್ಟರ್ ಅವರಿಗೆ ತನ್ನದೇ ಕಥೆ ಅನ್ನಿಸಿತಂತೆ, ಹಾಡುವುದೇ ಕಷ್ಟವಾಯಿತಂತೆ. ಇನ್ನೊಬ್ಬರು ಕಟ್ಟಿದ ಸಾಲು ಹಾಡುಗಾರನಿಗೆ ಅಷ್ಟು ಕಚ್ಚಿಕೊಳ್ಳುವುದು ಅಪರೂಪ. ನಾವು ಮುನ್ನೂರು ವರ್ಷದ ಹಿಂದಿನವರ ಕೃತಿ ಹಾಡುತ್ತಾ ಕೂತಾಗ ಎಲ್ಲೋ ಒಂದು ದಿನ ಹಾಗಾಗುತ್ತದೆ. ಬಹುಪಾಲು ದಿನ ಆಗಲ್ಲ, ತಾಳ ಹಾಕಿ ಮುಗಿಸುತ್ತೇವೆ.

ಕಡ್ಡಿಮುರಿದಂತೆ

ಮೈಕ್ ಹೆಸರು ಈಗ ಬಂತಲ್ಲ, ಅದಕ್ಕೇ ಕಾಯುತ್ತಿದ್ದೆ. ಚೆಸ್ಟರ್ ಚೆಸ್ಟರ್ ಅಂತ ಎಲ್ಲರೂ ಕುಣಿಯುತ್ತೀರಿ, ಆದರೆ ಮೈಕ್ ಇರದಿದ್ದರೆ ಆ ಧ್ವನಿಗೆ ಏಣಿ ಇರುತ್ತಿರಲಿಲ್ಲ. ಮೈಕ್‌ನದು ನೆಲದ ಮೇಲೆ ನಿಂತ ಧ್ವನಿ. ಮಾತಾಡಿದ ಹಾಗೆ ರ‍್ಯಾಪ್ ಮಾಡಿಕೊಂಡು ಹೋಗುತ್ತಾನೆ, ತಣ್ಣಗೆ, ಲೆಕ್ಕವಾಗಿ. ಅದರ ಬೆನ್ನಿಗೇ ಇವನು ಮೇಲೆದ್ದಾಗ ಇದ್ದದ್ದಕ್ಕಿಂತ ಎರಡು ಪಟ್ಟು ಎತ್ತರ ಕಾಣುತ್ತಾನೆ. ಅದೇ ಚೆಸ್ಟರ್ ತನ್ನ ಬೇರೆ ಬ್ಯಾಂಡ್‌ಗಳಲ್ಲಿ ಹಾಡಿದ್ದು ಕೇಳಿ. ಚೆನ್ನಾಗಿದೆ, ಆದರೆ ರೋಮ ನಿಲ್ಲಲ್ಲ.

ಹಳೇವಾಕ್‌ಮನ್

ಅರ್ಧ ಒಪ್ಪುತ್ತೇನೆ. 2013ರಿಂದ 2015ರವರೆಗೆ ಅವನು ಸ್ಟೋನ್ ಟೆಂಪಲ್ ಪೈಲಟ್ಸ್ ಬ್ಯಾಂಡಿಗೂ ಹಾಡಿದ. ಹುಡುಗನಾಗಿದ್ದಾಗಿನಿಂದ ಆ ಬ್ಯಾಂಡಿನಲ್ಲಿ ಹಾಡಬೇಕು ಅನ್ನುವ ಆಸೆ ಇತ್ತು ಅವನಿಗೆ. ಲೋಕವೆಲ್ಲ ಇವನ ಹಾಡು ಹಾಡುತ್ತಿರುವಾಗ ಇವನು ಹೋಗಿ ತನ್ನ ಬಾಲ್ಯದ ಬ್ಯಾಂಡಿನಲ್ಲಿ ಇನ್ನೊಬ್ಬನ ಹಾಡು ಹಾಡುತ್ತಾ ನಿಂತ. ಅಲ್ಲಿ ರೋಮ ನಿಲ್ಲದಿರಬಹುದು, ಆದರೆ ವಿಡಿಯೋದಲ್ಲಿ ಮುಖ ನೋಡಿ, ಜಾತ್ರೆಯಲ್ಲಿ ಬತ್ತಾಸು ಸಿಕ್ಕ ಹುಡುಗ.

ಇನ್ನೊಂದು ಕಥೆ ಹೊಸಕಿವಿಗೆ. 1999ರಲ್ಲಿ ಅವನು ಅರಿಝೋನಾದ ಫೀನಿಕ್ಸ್‌ನಲ್ಲಿ ಒಂದು ಕಂಪನಿಯಲ್ಲಿ ಕೆಲಸ ಮಾಡಿಕೊಂಡು, ಹಳೇ ಬ್ಯಾಂಡು ಕೈಕೊಟ್ಟು, ಹಾಡು ಬಿಟ್ಟೇಬಿಡೋಣ ಅಂತ ಇದ್ದವನು. ಕ್ಯಾಲಿಫೋರ್ನಿಯಾದಿಂದ ಒಂದು ಟೇಪು ಬಂತು, ಇದರ ಮೇಲೆ ಹಾಡಿ ಕಳಿಸು ಅಂತ. ಅವತ್ತು ಅವನ 23ನೇ ಹುಟ್ಟುಹಬ್ಬ. ಹುಟ್ಟುಹಬ್ಬದ ಪಾರ್ಟಿ ಬಿಟ್ಟು ಹೋಗಿ ಹಾಡಿ ರೆಕಾರ್ಡ್ ಮಾಡಿದ. ಮುಂದಿನ ವರ್ಷ ಅಕ್ಟೋಬರ್ 24ಕ್ಕೆ 'ಹೈಬ್ರಿಡ್ ಥಿಯರಿ' ಬಂತು. 12 ಹಾಡು, 38 ನಿಮಿಷವೂ ಇಲ್ಲ.

ಡ್ರಮ್‌ಕಡ್ಡಿ

ಆ 38 ನಿಮಿಷದಲ್ಲಿ ಒಂದೇ ಒಂದು ಬೈಗುಳ ಇಲ್ಲ ಅನ್ನುವುದನ್ನು ಮರೆಯಬೇಡಿ. ಎರಡನೇ ಆಲ್ಬಮ್ 'ಮೀಟಿಯೋರಾ'ದಲ್ಲೂ ಇಲ್ಲ. ಅಷ್ಟು ಸಿಟ್ಟು, ಬೈಗುಳ ಇಲ್ಲದೆ! ಆ ಧೈರ್ಯದ ಮೇಲೆ ನಾನು ನಮ್ಮಪ್ಪನ ಮುಂದೆಯೇ ಜೋರಾಗಿ ಹಾಕುತ್ತಿದ್ದೆ. ಅಪ್ಪನಿಗೆ ಬೈಗುಳ ಇದ್ದರೂ ಗೊತ್ತಾಗುತ್ತಿರಲಿಲ್ಲ ಅನ್ನುವುದು ಆಮೇಲೆ ಹೊಳೆಯಿತು.

ಮೂರನೇಸಾಲು

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ, ಬರೆಯಬೇಕೋ ಬೇಡವೋ ಅಂತ. ಬರೆಯುತ್ತೇನೆ.

2017ರ ಜುಲೈ 3, ಲಂಡನ್ನಿನ ಓ2 ಅರೀನಾ. ನಾನು ಆಗ ಕೆಲಸದ ಮೇಲೆ ಅಲ್ಲಿದ್ದೆ. ಅವನಿದ್ದಾಗ ಲಿಂಕಿನ್ ಪಾರ್ಕ್ ಭಾರತಕ್ಕೆ ಬರಲೇ ಇಲ್ಲವಲ್ಲ, ಹಾಗಾಗಿ ಟಿಕೆಟ್ ಸಿಕ್ಕಿದಾಗ ಆಫೀಸಿನಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿಕೊಂಡಿದ್ದೆ. ಮಧ್ಯಾಹ್ನವೇ ಹೋಗಿ ಸಾಲಿನಲ್ಲಿ ನಿಂತು ಬ್ಯಾರಿಕೇಡಿನಿಂದ ಮೂರನೇ ಸಾಲು ಹಿಡಿದೆ. ಹೆಸರು ಅದಕ್ಕೇ.

ನೀವೆಲ್ಲ ಕಷ್ಟದ ಹಾಡು ಅಂತ ಹೇಳುತ್ತಿದ್ದೀರಲ್ಲ, 'ಕ್ರಾಲಿಂಗ್', ಆ ಪ್ರವಾಸದಲ್ಲಿ ಅದನ್ನು ಬರೀ ಪಿಯಾನೋ ಮೇಲೆ ಹಾಡುತ್ತಿದ್ದ. ಡ್ರಮ್ಸ್ ಇಲ್ಲ, ಗಿಟಾರ್ ಇಲ್ಲ. ವೇದಿಕೆ ಇಳಿದು ಬ್ಯಾರಿಕೇಡಿನ ತನಕ ಬಂದ. ಮುಂದಿನ ಸಾಲಿನವರ ಕೈ ಹಿಡಿದುಕೊಂಡೇ ಹಾಡಿದ. ನನ್ನ ಮುಂದೆ ಎರಡು ತಲೆ, ಅವುಗಳ ನಡುವೆ ಅವನ ಮುಖ. ದೊಡ್ಡ ಪರದೆ ಮೇಲೆ ನೋಡಿದವರಿಗೆ ಅದು ತಿಳಿಯಲ್ಲ. ಅವನು ಜನರ ಮೇಲೆ ಹಾಡುತ್ತಿರಲಿಲ್ಲ. ಒಬ್ಬೊಬ್ಬರ ಕಣ್ಣು ನೋಡಿ, ಆ ಸಾಲು ಮುಗಿಯುವ ತನಕ ಕಣ್ಣು ತೆಗೆಯದೆ, ಆಮೇಲೆ ಮುಂದಿನವರು. ಮದುವೆ ಮನೆಯಲ್ಲಿ ಹಿರಿಯರು ಪಂಕ್ತಿಯಲ್ಲಿ ಪ್ರತಿ ಎಲೆಯ ಮುಂದೆ ನಿಂತು 'ಊಟ ಆಯ್ತಾ' ಅಂತ ವಿಚಾರಿಸುತ್ತಾರಲ್ಲ, ಹಾಗೆ. ಮೆಲ್ಲಗೆ ಹಾಡುತ್ತಿದ್ದ. ಎಷ್ಟು ಮೆಲ್ಲಗೆ ಅಂದರೆ ಜನರೇ ಹೆಚ್ಚು ಕೇಳಿಸುತ್ತಿದ್ದರು, ಅವನು ಅದಕ್ಕೆ ಬೇಜಾರು ಮಾಡಿಕೊಳ್ಳದೆ ಇನ್ನೂ ತಗ್ಗಿಸಿದ. ಶ್ರುತಿ? ಸರಿ ಇತ್ತು. ಕಡ್ಡಿಮುರಿದಂತೆ ಅವರೇ, ಆ ರಾತ್ರಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅಥವಾ ತಪ್ಪಿತ್ತೇನೋ, ನನಗೆ ಕೇಳಿಸುವ ಸ್ಥಿತಿ ಇರಲಿಲ್ಲ.

ಅದಾದ ಮೇಲೆ 4ಕ್ಕೆ ಬ್ರಿಕ್ಸ್‌ಟನ್‌ನಲ್ಲಿ ಹಾಡಿದ, 6ಕ್ಕೆ ಬರ್ಮಿಂಗ್‌ಹ್ಯಾಮ್‌ನಲ್ಲಿ. ಮ್ಯಾಂಚೆಸ್ಟರ್ ಕಾರ್ಯಕ್ರಮ ಮೇ ತಿಂಗಳ ಬಾಂಬ್ ದಾಳಿಯಿಂದ ಅರೀನಾ ಮುಚ್ಚಿದ್ದರಿಂದ ರದ್ದಾಗಿತ್ತು. ಹಾಗಾಗಿ ಬರ್ಮಿಂಗ್‌ಹ್ಯಾಮ್‌ನದೇ ಕೊನೆಯದು. ಜುಲೈ 20ಕ್ಕೆ ಅವನು ಹೋದ ಸುದ್ದಿ ಬಂತು. ಟಿಕೆಟ್ ಇನ್ನೂ ಪರ್ಸಿನಲ್ಲೇ ಇತ್ತು ನನಗೆ.

ಹೊಸಕಿವಿ

🙏 ಅಣ್ಣ...

ರಾತ್ರಿಪಾಳಿ

ಓದಿ ಸುಮ್ಮನೆ ಕೂತೆ ಐದು ನಿಮಿಷ.

ಅವನಿಗೆ 41 ಅಷ್ಟೇ. ಆ ವರ್ಷದ ಮೇ 18ಕ್ಕೆ ರಾಕ್ ಗಾಯಕ ಕ್ರಿಸ್ ಕಾರ್ನೆಲ್ ಹೋದ. ಇಬ್ಬರೂ ಆಪ್ತ ಗೆಳೆಯರು, 2008ರಲ್ಲಿ ಒಟ್ಟಿಗೆ ಪ್ರವಾಸ ಹೋಗಿ ಒಬ್ಬರ ಹಾಡಿಗೆ ಒಬ್ಬರು ಬಂದು ಸೇರಿಕೊಳ್ಳುತ್ತಿದ್ದರು. ಆ ದಿನವೇ ಜಿಮ್ಮಿ ಕಿಮ್ಮೆಲ್‌ನ ಟಿವಿ ಶೋದಲ್ಲಿ ಲಿಂಕಿನ್ ಪಾರ್ಕ್ ಹಾಡಬೇಕಿತ್ತು. ಹೊಸ ಹಾಡು 'ಹೆವಿ' ಅಂತ ಇದ್ದದ್ದನ್ನು ಬದಲಾಯಿಸಿ 'ಒನ್ ಮೋರ್ ಲೈಟ್' ಹಾಡಿದರು. ಅದರಲ್ಲಿ ಅವನ ಧ್ವನಿ ಕೇಳಿ, ಎಲ್ಲಿ ತೊದಲುತ್ತದೆ ಅಂತ. ಮೇ 26ಕ್ಕೆ ಕಾರ್ನೆಲ್‌ನ ಅಂತ್ಯಕ್ರಿಯೆಯಲ್ಲಿ ಕೂಡ ಇವನೇ ಹಾಡಿದ್ದು. ಜುಲೈ 20 ಕಾರ್ನೆಲ್ ಹುಟ್ಟಿದ ದಿನ.

ಶ್ರುತಿಪೆಟ್ಟಿಗೆ

ಇಲ್ಲಿ ಒಂದು ವಿನಂತಿ. ಚೆಸ್ಟರ್ ತಾವೇ ಜೀವ ಕಳೆದುಕೊಂಡ ಮೇಲೆ ಜನ ಪ್ರತಿ ಹಾಡಿನಲ್ಲೂ 'ನೋಡಿ, ಆಗಲೇ ಸುಳಿವು ಕೊಟ್ಟಿದ್ದರು' ಅಂತ ಹುಡುಕಲು ಶುರು ಮಾಡಿದರು. ನನಗೆ ಅದು ಹಿಡಿಸಲ್ಲ. ಅವರು ಚಿಕ್ಕಂದಿನಲ್ಲಿ ಅನುಭವಿಸಿದ್ದು, ಖಿನ್ನತೆ, ಕುಡಿತ, ಎಲ್ಲವನ್ನೂ ಬದುಕಿದ್ದಾಗಲೇ ಬಾಯಿ ಬಿಟ್ಟು ಹೇಳಿದವರು. ಗುಟ್ಟೇನೂ ಇರಲಿಲ್ಲ. ಹದಿನೇಳು ವರ್ಷ ಹಾಡಿದ್ದು ಬದುಕುವುದಕ್ಕೆ, ಚೀಟಿ ಬರೆದಿಡುವುದಕ್ಕೆ ಅಲ್ಲ. ಇಲ್ಲಿ ಓದುವವರಲ್ಲಿ ಯಾರಿಗಾದರೂ ಅಂಥ ಕಷ್ಟ ಇದ್ದರೆ ದಯವಿಟ್ಟು ಒಬ್ಬರ ಹತ್ತಿರ ಮಾತಾಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416, ಕನ್ನಡದಲ್ಲೂ ಮಾತಾಡುತ್ತಾರೆ. ಅಷ್ಟೇ, ಮತ್ತೆ ಹಾಡಿಗೆ ಬನ್ನಿ.

ಕಡ್ಡಿಮುರಿದಂತೆ

ಈ ಅಕ್ಕನ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ದಾಖಲೆ ಮಾಡಿಕೊಳ್ಳಿ, ಅಪರೂಪಕ್ಕೆ ಆಗುವುದು.

ಈಗ ಬೆಂಕಿ ಹಚ್ಚುತ್ತೇನೆ. ಲಿಂಕಿನ್ ಪಾರ್ಕ್‌ಗೆ ಬಂದ ಹೊಸ ಗಾಯಕಿ ಬಗ್ಗೆ ಯಾರೂ ಮಾತಾಡಲ್ಲವೇಕೆ?

ಡ್ರಮ್‌ಕಡ್ಡಿ

ಅಯ್ಯೋ ಶುರುವಾಯಿತು.

2024ರ ಸೆಪ್ಟೆಂಬರ್ 5ಕ್ಕೆ ಎಮಿಲಿ ಆರ್ಮ್‌ಸ್ಟ್ರಾಂಗ್ ಬಂದಾಗ ನಾನೂ ಗೊಣಗಿದವನೇ. ಆಮೇಲೆ 'ಫ್ರಮ್ ಝೀರೋ' ಆಲ್ಬಮ್ ಕೇಳಿದೆ. ಆಕೆಯ ಗಂಟಲು ಗಟ್ಟಿ, ಅದರಲ್ಲಿ ಮಾತಿಲ್ಲ. ಹೊಸ ಹಾಡು ಹಾಡಿದಾಗ ಏನೂ ತೊಂದರೆ ಇಲ್ಲ. ಹಳೇ ಹಾಡು ಬಂದಾಗ ನನ್ನ ತಲೆಯೊಳಗೆ ಎರಡು ಧ್ವನಿ ಒಟ್ಟಿಗೆ ಓಡುತ್ತವೆ, ಅದು ಆಕೆಯ ತಪ್ಪಲ್ಲ. ಬ್ಯಾಂಡಿನವರು ಏಳು ವರ್ಷ ಕಾದರು. ಇನ್ನೆಷ್ಟು ಕಾಯಬೇಕಿತ್ತು?

ಹಳೇವಾಕ್‌ಮನ್

ಆ ಜಗಳಕ್ಕೆ ಬೇರೆ ಎಳೆ ತೆಗೆಯಿರಿ ಮಾರಾಯರೇ, ಇದು ಹಾಳಾಗುತ್ತದೆ. ನನಗೂ ಆಕೆಯ ಮೇಲೆ ಸಿಟ್ಟಿಲ್ಲ.

ಬದಲಿಗೆ ಇದನ್ನು ನೋಡಿ. 2017ರ ಅಕ್ಟೋಬರ್ 27, ಲಾಸ್ ಏಂಜಲೀಸ್‌ನ ಹಾಲಿವುಡ್ ಬೌಲ್, ಅವನ ನೆನಪಿನ ಕಾರ್ಯಕ್ರಮ. ಒಂದೊಂದು ಹಾಡಿಗೆ ಒಬ್ಬೊಬ್ಬ ದೊಡ್ಡ ಹಾಡುಗಾರ. ಎಲ್ಲರೂ ಪಳಗಿದವರು, ಒಬ್ಬೊಬ್ಬರೂ ಒದ್ದಾಡುತ್ತಾರೆ. ಒಬ್ಬರಿಗೆ ಕೂಗು ಬರುತ್ತದೆ, ಮೆಲುದನಿ ಬರಲ್ಲ. ಇನ್ನೊಬ್ಬರಿಗೆ ಮೆಲುದನಿ ಸರಿ, ಮೇಲಕ್ಕೆ ಹೋದಾಗ ಉಸಿರು ಸಾಲಲ್ಲ. ನಾನು ಮೊದಲೇ ಹೇಳಿದೆನಲ್ಲ, ಆ ತಿರುವು. ಅವತ್ತು ಸಾಲಾಗಿ ನಿಂತು ಅಷ್ಟು ಜನ ಅದನ್ನು ಸಾಬೀತು ಮಾಡಿಕೊಟ್ಟರು.

'ನಂಬ್'ಗೆ ಮಾತ್ರ ಯಾರನ್ನೂ ಕರೆಯಲಿಲ್ಲ. ಬ್ಯಾಂಡು ಬಾರಿಸಿತು, ನಡುವೆ ಖಾಲಿ ಮೈಕ್ ಸ್ಟ್ಯಾಂಡು, ಅದರ ಮೇಲೆ ಬೆಳಕು. ಹಾಡಿದ್ದು ಜನ.

ಮೂರನೇಸಾಲು

ಅದನ್ನು ನಾನು ಇನ್ನೂ ಪೂರ್ತಿ ನೋಡಿಲ್ಲ. ಮೈಕ್ ಸ್ಟ್ಯಾಂಡಿನ ತನಕ ಬಂದು ನಿಲ್ಲಿಸುತ್ತೇನೆ.

ಹೊಸಕಿವಿ

ಅಪ್‌ಡೇಟ್: ಟೆಕ್ಸಸ್ ಮುಗಿಸಿದೆ. ಮಿಲ್ಟನ್ ಕೀನ್ಸ್ ಅರ್ಧ ಆಯಿತು. ವಾಕ್‌ಮನ್ ಅಂಕಲ್ ಹೇಳಿದ ಪಿಯಾನೋ ಹಾಡು ಈಗಷ್ಟೇ ಮುಗಿಯಿತು. ಒಂದು ಅನುಮಾನ. ಒಂದು ಸಾಲು ಮುಗಿಸಿ ಇನ್ನೊಂದು ಶುರು ಮಾಡುವ ಮುಂಚೆ ಉಸಿರು ಎಳೆದುಕೊಳ್ಳುವ ಸದ್ದು ಕೇಳುತ್ತದೆ, ಜೋರಾಗಿ, ಹೆಡ್‌ಫೋನಿನಲ್ಲಿ. ಅದು ನನಗೆ ಮಾತ್ರ ಕೇಳುತ್ತಿದೆಯಾ ಅಥವಾ ಎಲ್ಲರಿಗೂ ಕೇಳುತ್ತದಾ?

ಶ್ರುತಿಪೆಟ್ಟಿಗೆ

ಎಲ್ಲರಿಗೂ ಕೇಳುತ್ತದೆ ಪುಟ್ಟಿ.

ಹಳೇವಾಕ್‌ಮನ್

ಮೊದಲನೆಯದಾಗಿ, ಅಂಕಲ್ ಅಲ್ಲ. ಎರಡನೆಯದಾಗಿ, ನಾನು ಮೂರೂವರೆಗೆ ಕೇಳಿಸಿಕೊಂಡಿದ್ದೂ ಅದನ್ನೇ. ಈಗ ಮತ್ತೆ ಹಾಕುತ್ತಿದ್ದೇನೆ, ಇವತ್ತೂ ನಿದ್ದೆ ಇಲ್ಲ.